ಉಣ್ಣೆಯುಂಡೆಯ ಮೇಲೆ ಒಂಬತ್ತು ಗಂಟೆ

ಭಾನುವಾರ, ಮಾರ್ಚ್ 9

ಪ್ರೀತಿಯ ಅಕ್ಕ,

ನಮಸ್ಕಾರ. ನೀನು, ಭಾವ, ಪುಟ್ಟಿ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ತಡವಾಯಿತು, ಕ್ಷಮಿಸು. ಬರೆಯಲು ಕೂತರೆ ಕೈ ಏಳುತ್ತಿರಲಿಲ್ಲ. ಅಪ್ಪ ಹೋದ ಮೇಲೆ ಮನೆಯಲ್ಲಿ ಯಾರೂ ಅಳುತ್ತಿಲ್ಲ. ನಲ್ಲಿ ತಿರುಗಿಸಿದರೆ ನೀರು ಬರುತ್ತದೆ. ಸೈರನ್ ಕೂಗಿದರೆ ಚಪ್ಪಲಿ ಕಾರ್ಖಾನೆಗೆ ಹೋಗಿ ಅಟ್ಟೆ ಕತ್ತರಿಸುತ್ತೇನೆ, ಅಷ್ಟೆ. ನಾನು ಹಂಚುವ 'ದುಡಿಯುವವರಿಗೆ ವಿಜ್ಞಾನ' ಕರಪತ್ರಗಳ ಹೊಸ ಕಟ್ಟು ಬಂದಿದೆ, ಬಿಚ್ಚಿಲ್ಲ. ಆದರೂ ಸುಳ್ಳಿನ ಮೇಲೆ ನಿಂತ ನೆಮ್ಮದಿ ನೆಮ್ಮದಿಯಲ್ಲ ಎಂಬ ಮಾತನ್ನು ನಾನು ಬಿಟ್ಟಿಲ್ಲ.

ಮೊನ್ನೆ ಸೋದರತ್ತೆ ಬಂದಿದ್ದಳು. ಕೂರುವ ಮೊದಲೇ ಶುರು: "ಸಂಜೆ ಹೋದ ನಮ್ಮಣ್ಣನ್ನ ಬೆಳಗಿನ ತನಕ ಇಟ್ಕೊಂಡು ಕೂತಿದ್ವಿ. ನಿನ್ನ ಮಗಳಿಗೆ ವಿಮಾನ ಹತ್ತೋಕೆ ಆಗ್ಲಿಲ್ವೇನೇ?"

ಅಮ್ಮ ಹೆಣಿಗೆಯಿಂದ ಕಣ್ಣೆತ್ತಲಿಲ್ಲ. "ನಿಂಗೊತ್ತಿಲ್ಲ, ಸುಮ್ನಿರು. ಹೋಗೋಕೆ ಮೂರೂವರೆ ಗಂಟೆ, ಬರೋಕೆ ಹದಿನಾಲ್ಕೂವರೆ. ಟಿಕೆಟಲ್ಲೇ ಇತ್ತು. ತವರಿನ ದಾರಿ ಯಾವತ್ತಿದ್ರೂ ಉದ್ದ."

"ಹೋಗುವಾಗ ವಿಮಾನಕ್ಕೇನು ಇಳಿಜಾರು ಸಿಗುತ್ತಾ?" ಎಂದು ಅತ್ತೆ ನಕ್ಕಳು.

ಅದು ನಿನ್ನ ಹಳೆಯ ಟಿಕೆಟಿನ ಲೆಕ್ಕ. ಹೋಗುವಾಗ ಇಲ್ಲಿ ಬೆಳಿಗ್ಗೆ ಹತ್ತಕ್ಕೆ ಹೊರಟು ಅಲ್ಲಿ ಮಧ್ಯಾಹ್ನ ಒಂದೂವರೆಗೆ ಇಳಿಯುವುದು. ಬರುವಾಗ ಅಲ್ಲಿ ಹತ್ತಕ್ಕೆ ಹೊರಟು ಇಲ್ಲಿ ರಾತ್ರಿ ಹನ್ನೆರಡೂವರೆಗೆ. ಎರಡೂ ಊರಿನ ಗಡಿಯಾರ ಒಂದೇ ಎಂದುಕೊಂಡು ಅಮ್ಮ ಕಳೆದಿದ್ದಾಳೆ.

ಅಜ್ಞಾನ ಎದುರಿಗೇ ಕೂತಿರುವಾಗ ನಾನು ಸುಮ್ಮನಿರುವವನೇ? ಅಮ್ಮನ ಉಣ್ಣೆಯುಂಡೆ ಕಿತ್ತುಕೊಂಡು, ಇದು ಭೂಮಿ ಎಂದೆ. ನಮ್ಮೂರಿಗೊಂದು ಗುಂಡುಸೂಜಿ, ನಿನ್ನೂರಿಗೊಂದು. ಕಿಟಕಿಯ ಬಿಸಿಲಿಗೆ ಹಿಡಿದು ತಿರುಗಿಸಿ, ಇಲ್ಲಿ ಸಂಜೆಯಾದಾಗ ಅಲ್ಲಿನ್ನೂ ಮಧ್ಯಾಹ್ನ, ಅಲ್ಲಿನ ಗಡಿಯಾರ ಐದೂವರೆ ಗಂಟೆ ಹಿಂದೆ ಎಂದು ತೋರಿಸಿದೆ. "ಏಳು ಸಾವಿರ ಕಿಲೋಮೀಟರ್ ಕಣಮ್ಮ. ಹೋಗೋಕೂ ಒಂಬತ್ತು ಗಂಟೆ, ಬರೋಕೂ ಒಂಬತ್ತೇ."

ಅಮ್ಮ ಆ ಎರಡು ಗುಂಡುಸೂಜಿಗಳ ನಡುವೆ ಎಳೆ ಹಿಡಿದು ಅತ್ತಿಂದಿತ್ತ ಅಳೆದಳು, ಮತ್ತೆ ಇತ್ತಿಂದತ್ತ. "ಸರಿ ಕಣೋ" ಎಂದು ಅಮ್ಮ ಉಂಡೆಯನ್ನು ಬುಟ್ಟಿಗೆ ಹಾಕಿದಳು. ಗುಂಡುಸೂಜಿ ತೆಗೆಯಲಿಲ್ಲ. ಪುಟ್ಟಿಯ ಸ್ವೆಟರ್‌ಗೆ ಇನ್ನೊಂದು ತೋಳು ಬಾಕಿ ಇದೆ, ಅದೇ ಉಣ್ಣೆ.

ನಿನಗೆ ರಜೆ ಸಿಗಲಿಲ್ಲವೋ ಏನೋ, ನಾನು ಕೇಳುವುದಿಲ್ಲ. ಆ ಸಂಜೆ ಫೋನಿನಲ್ಲಿ "ನಾನು ಬರೋಷ್ಟರಲ್ಲಿ ಎಲ್ಲ ಮುಗಿದಿರುತ್ತೆ" ಎಂದೆಯಲ್ಲ, ಅದನ್ನು ಹಾಗೆಯೇ ಅಮ್ಮನಿಗೆ ಮುಟ್ಟಿಸಿದ್ದೆ. ಹೂಂ ಎಂದಿದ್ದಳು.

ಭಾವನಿಗೆ ನಮಸ್ಕಾರ. ಪುಟ್ಟಿಗೆ ನನ್ನ ಆಶೀರ್ವಾದ. ಲೆಕ್ಕ ಹಾಕಿ ನೋಡದೆ ಯಾರ ಮಾತನ್ನೂ ನಂಬಬೇಡವೆಂದು ಅವಳಿಗೆ ಹೇಳು. ಅಮ್ಮನ ಆಶೀರ್ವಾದವೂ ನಿಮಗೆಲ್ಲ ಇದೆ. ಅದು ಅವಳು ಹೇಳಿ ಬರೆಸಿದ್ದಲ್ಲ, ನಾನೇ ಬರೆದದ್ದು.

ನಿನ್ನ ತಮ್ಮ,
ಕರಪತ್ರ
(ಅಪ್ಪ ಇಟ್ಟ ಅಡ್ಡಹೆಸರು, ಈಗ ಹಾಗೆ ಕರೆಯುವವರಿಲ್ಲ)

ತಾ.ಕ.: ಅತ್ತೆ ಹೋದ ಮೇಲೆ ಅಮ್ಮ ಒಂದೇ ಮಾತು ಕೇಳಿದಳು: "ಅಂದ್ರೆ, ಅವಳು ಬಂದು ತಲುಪೋಷ್ಟು ಹೊತ್ತು ನಿಮ್ಮಪ್ಪ ಮನೇಲೇ ಇದ್ರೇನೋ?" ಹೌದು ಎಂದೆ. ಲೆಕ್ಕ ಸರಿಯಾಗಿತ್ತು.