ಮೂರನೆಯ ಚಿತ್ರದ ತಿದ್ದುಪಡಿ

ಮೇಡಂ ಅವರಿಗೆ ನಮಸ್ಕಾರಗಳು.

ನಿಮ್ಮ ಹೊಸ ಲೇಖನ ಓದಿದೆ. ಯೀಸ್ಟ್ ಕೋಶ ಮೊಗ್ಗೊಡೆದು ಎರಡಾಗುವಾಗ ತಾಯಿಕೋಶವು ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಗಳಲ್ಲಿ ಕಸುವುಳ್ಳವನ್ನು ಮಗಳಿಗೆ ಕೊಟ್ಟು, ಸೊರಗಿದವನ್ನು ತಾನಿಟ್ಟುಕೊಳ್ಳುತ್ತದೆ. ಅದನ್ನು ತೋರಿಸುವ ಮೂರನೆಯ ಚಿತ್ರ ನಾನು ತೆಗೆದದ್ದು. ಹನ್ನೊಂದು ತಿಂಗಳು ಮೈಕ್ರೋಸ್ಕೋಪಿನ ಮುಂದೆ ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದೆ. ಲೇಖಕರ ಸಾಲಿನಲ್ಲಿ ನನ್ನ ಹೆಸರಿಲ್ಲ. ಕೊನೆಯಲ್ಲಿ ಫ್ರಿಜ್ ರಿಪೇರಿಯವರಿಗೂ ಕೃತಜ್ಞತೆ ಹೇಳಿದ್ದೀರಿ, ಸಂತೋಷ.

"ನೀನು ನನ್ನ ಮಗಳಿದ್ದ ಹಾಗೆ ಕಣೆ, ಹೆಸರಿನ ಚಿಂತೆ ನಿಂಗ್ಯಾಕೆ? ನಾನಿಲ್ವಾ?" ಅಂದಿದ್ದಿರಿ. ನಾನೂ ಕೋಲೆಬಸವನ ಹಾಗೆ ತಲೆಯಾಡಿಸಿದ್ದೆ.

ಈಗ ಒಂದೇ ಕೋರಿಕೆ. ಆ ಚಿತ್ರ ತೆಗೆಯುವ ಹೊತ್ತಿಗೆ ಮಗಳು ಬೆಳೆದು ಹೆಚ್ಚುಕಡಿಮೆ ತಾಯಿಯಷ್ಟೇ ಆಗಿತ್ತು. ಯಾವುದು ತಾಯಿ, ಯಾವುದು ಮಗಳು ಎಂದು ನನ್ನ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ನೀವು ಚಿತ್ರ ತೆಗೆದುಕೊಂಡಿರಿ, ನನ್ನನ್ನು ಕೇಳಲಿಲ್ಲ. ಎಡಗಡೆ ಕಸುವುಳ್ಳ ಮೈಟೊಕಾಂಡ್ರಿಯಾಗಳು ತುಂಬಿ ಹಸಿರಾಗಿ ಹೊಳೆಯುತ್ತಿರುವುದು ಮಗಳು. ಅದರ ಮೇಲೆ ನೀವು 'ತಾಯಿ' ಎಂದು ಬರೆದಿದ್ದೀರಿ. ಹೀಗಾಗಿ ನಿಮ್ಮ ಲೇಖನದಲ್ಲಿ ತಾಯಿಯೇ ಒಳ್ಳೆಯದನ್ನೆಲ್ಲ ಇಟ್ಟುಕೊಂಡು ಮಗಳನ್ನು ಬರಿಗೈಯಲ್ಲಿ ಕಳಿಸಿದ ಹಾಗೆ ಕಾಣುತ್ತದೆ.

ದಯವಿಟ್ಟು ತಿದ್ದಿಸಿ. ಯೀಸ್ಟಿನಲ್ಲಿ ಹಾಗೆಲ್ಲ ನಡೆಯುವುದಿಲ್ಲ.

ಇಂತಿ,
ಮೂರನೆಯ ಚಿತ್ರ ತೆಗೆದವಳು