ಬೋರ್ಡಿನ ಕಡೆ ಮುಖ ಮಾಡಿ ನಿಂತವಳಿಗೆ

ಗಣಿತದವಳೇ,

ನೀನು ಫೋನ್ ಎತ್ತುತ್ತಿಲ್ಲ. ಎತ್ತುತ್ತೀಯೆಂದು ನಾನೂ ಅಂದುಕೊಂಡಿರಲಿಲ್ಲ. ಮೊದಲ ಸಲ ನಿನ್ನ ಗಂಡ ಎತ್ತಿ "ಮಲಗಿದಾಳೆ ಅಕ್ಕ" ಅಂದರು. ಇನ್ನೊಂದು ಸಲ ನಿನ್ನ ಅತ್ತೆ ಎತ್ತಿ ಅದನ್ನೇ ಹೇಳಿದರು. ನೀನು ಹಗಲು ಹೊತ್ತು ಮಲಗುವವಳಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಅದಕ್ಕೇ ಪತ್ರ. ಇದನ್ನು ಮಡಚಿಟ್ಟು ನಾಳೆ ಓದಬಹುದು, ಅರ್ಧಕ್ಕೆ ಬಿಡಬಹುದು. ಎದುರಿಗೆ ಯಾರ ಮುಖವೂ ಇರುವುದಿಲ್ಲ.

ವಿಷಯ ಮೊದಲೇ ಹೇಳಿಬಿಡುತ್ತೇನೆ. ಹೊಸ ಅವಧಿಯ ವೇಳಾಪಟ್ಟಿಯನ್ನು ಎಚ್‌ಎಂ ಎಂದಿನ ಹಾಗೆ ನನ್ನ ತಲೆಗೆ ಕಟ್ಟಿದ್ದಾರೆ. ಸೋಮವಾರ ಅದನ್ನು ಸ್ಟಾಫ್ ರೂಮಿನ ಗೋಡೆಗೆ ಅಂಟಿಸಬೇಕು. ಒಂಬತ್ತನೇ ತರಗತಿಯ ಗಣಿತದ ಚೌಕಗಳಲ್ಲಿ ಯಾರನ್ನು ಬರೆಯುವುದೆಂದು ಅವರಿಗೆ ನಿನ್ನಿಂದಲೇ ತಿಳಿಯಬೇಕು. ನಿನ್ನ ಮುಂದೆ ಎರಡು ದಾರಿ ಇಟ್ಟಿದ್ದಾರೆ: ತರಗತಿಗೆ ವಾಪಸು ಬರುವುದು, ಇಲ್ಲವೇ ನಿವೃತ್ತಿಯಾಗುತ್ತಿರುವ ಲೈಬ್ರರಿಯವರ ಜಾಗಕ್ಕೆ ಹೋಗುವುದು. ಲೈಬ್ರರಿಗೆ ಹೋದರೆ ನಿನ್ನ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳುತ್ತಾರೆ. ಆಮೇಲೆ ಗಣಿತಕ್ಕೆ ಮರಳುವುದು ನಿನ್ನ ಕೈಯಲ್ಲಿರುವುದಿಲ್ಲ.

ನಿನ್ನ ಅಕ್ಕನ ಕೈಲಿ ಹೇಳಿಕಳಿಸಿದ ಉತ್ತರ ನನಗೆ ತಲುಪಿದೆ. "ನಾನು ಹಾಗೆ ನಿಂತದ್ದನ್ನು ಇಡೀ ಕ್ಲಾಸ್ ನೋಡಿದೆ. ಹಿಂದಿನಿಂದ ನಕ್ಕಿದೆ. ಆ ಮಕ್ಕಳಿಗೆ ಹೇಗೆ ಮುಖ ತೋರಿಸಲಿ, ಲೈಬ್ರರಿನೇ ಕೊಡಿ." ಅದನ್ನು ನಾನಿನ್ನೂ ಎಚ್‌ಎಂಗೆ ಮುಟ್ಟಿಸಿಲ್ಲ. ಲೈಬ್ರರಿ ಬೇಡವೆಂದಲ್ಲ. ನೀನು ಕೊಟ್ಟ ಕಾರಣ ನಿಜವಲ್ಲ. ನಿಜವಲ್ಲದ ಕಾರಣಕ್ಕೆ ನೀನು ಒಂದು ಕೆಲಸ ಬಿಡುವುದು ನನಗೆ ಸರಿ ಕಾಣಲಿಲ್ಲ.

ಆ ದಿನ ನಿನ್ನ ನಂತರದ ಪೀರಿಯಡ್ ನನ್ನದು. ಬಾಗಿಲಿಗೆ ಬಂದಾಗ ನೀನು ಬೋರ್ಡಿನ ಕಡೆ ಮುಖ ಮಾಡಿ ನಿಂತಿದ್ದೆ. ಕೈಯಲ್ಲಿ ಚಾಕ್ ಇತ್ತು, ಕೈ ಬೋರ್ಡಿಗೆ ತಾಗಿರಲಿಲ್ಲ. ಗಂಟೆ ಹೊಡೆದಾಗಿತ್ತು. ನಾನು ಹತ್ತಿರ ಬಂದು ನಿಂತರೂ ನಿನಗೆ ತಿಳಿಯಲಿಲ್ಲ. ನಿನ್ನ ಮೊಣಕೈ ಹಿಡಿದು, ಏನೋ ಕೇಳಬೇಕಿದೆ ಅನ್ನುವವಳ ಹಾಗೆ, ಪಕ್ಕದ ನಕ್ಷೆಗಳ ಕೋಣೆಗೆ ಕರೆದುಕೊಂಡು ಹೋದೆ. ಸುರುಳಿ ಸುತ್ತಿಟ್ಟ ನಕ್ಷೆಗಳ ನಡುವೆ ಸ್ಟೂಲಿನ ಮೇಲೆ ಕೂತು ನೀನು ತುಂಬ ಹೊತ್ತು ಅತ್ತುಬಿಟ್ಟೆ. ಏನಾಯಿತೆಂದು ಕೇಳಿದರೆ "ಏನಿಲ್ಲ ಅಕ್ಕ, ಸುಮ್ನೆ" ಅಂದೆ.

ಕವಿತೆ ಓದುವ ಚಟದಿಂದ ನನಗೆ ಪದಗಳನ್ನು ತಿರುವಿ ನೋಡುವ ಕಾಯಿಲೆ ಬಂದಿದೆ ಎಂದು ನೀನೇ ರೇಗಿಸುತ್ತಿದ್ದೆ. ಆ 'ಸುಮ್ನೆ'ಯನ್ನು ನಾನು ಬಹಳ ದಿನ ತಿರುವಿ ನೋಡಿದೆ. ಸದ್ದಿಲ್ಲದೆ ಇರುವುದೂ ಸುಮ್ಮನೆ, ಕಾರಣವಿಲ್ಲದೆ ಇರುವುದೂ ಸುಮ್ಮನೆ. ಕಾರಣ ಇದ್ದು ಹೇಳಲಾಗದಿದ್ದರೂ ನಾವು ಅದೇ ಪದ ಹೇಳಿ ಪಾರಾಗುತ್ತೇವೆ. ನಿನಗೆ ಕಾರಣ ಇತ್ತು. ಹೆರಿಗೆ ರಜೆಗೆ ಹೋದವಳ ತರಗತಿಗಳು ನಿನ್ನ ಮೇಲೆ ಬಿದ್ದಿದ್ದವು. ನಿನ್ನ ಫ್ರೀ ಪೀರಿಯಡ್‌ಗಳೆಲ್ಲ ಬದಲಿ ಪೀರಿಯಡ್‌ಗಳಾಗಿದ್ದವು. ಉಪಮುಖ್ಯೋಪಾಧ್ಯಾಯರ ಚೀಟಿ ಬಾಗಿಲಲ್ಲಿ ಕಂಡರೆ ನೀನು ಓದದೆ ಎದ್ದು ಹೊರಡುತ್ತಿದ್ದೆ. ಊಟದ ಡಬ್ಬಿ ಹಾಗೇ ಮನೆಗೆ ವಾಪಸಾಗುತ್ತಿತ್ತು. ಪಾಲಕರ ಗ್ರೂಪಿನಲ್ಲಿ ಯಾರೋ ಒಬ್ಬರು ಎರಡು ಅಂಕ ಯಾಕೆ ಕಡಿಮೆ ಎಂದು ಕೇಳಿದ್ದಕ್ಕೆ ನೀನು ಇಷ್ಟುದ್ದ ಉತ್ತರ ಬರೆದು, ಅಳಿಸಿ, ಮತ್ತೆ ಬರೆಯುತ್ತಿದ್ದದ್ದನ್ನು ನಿನ್ನ ಎದುರಿಗೆ ಕೂತು ನೋಡಿದ್ದೇನೆ. ಇವುಗಳಲ್ಲಿ ಯಾವುದೂ ದೊಡ್ಡದಲ್ಲ. ಅದಕ್ಕೇ ಯಾವುದನ್ನೂ ಹೆಸರಿಸಿ ಹೇಳಲು ನಿನಗೆ ಬಾಯಿ ಬರಲಿಲ್ಲ ಅನಿಸುತ್ತದೆ.

ಸ್ಟಾಫ್ ರೂಮಿನಲ್ಲಿ ಮಾತು ಆಯಿತು, ಮುಚ್ಚಿಡುವುದೇನು. ರಸಾಯನಶಾಸ್ತ್ರದವಳು ಮನೆಯಲ್ಲಿ ಏನೋ ಇರಬೇಕು ಅಂದಳು. ವ್ಯಾಕರಣದ ಮೇಷ್ಟ್ರು, ಈಗಿನವರಿಗೆ ತಾಳ್ಮೆ ಸಾಲದು, ನಮ್ಮ ಕಾಲದಲ್ಲಿ ಜ್ವರ ಬಂದರೂ ಪಾಠ ಮಾಡುತ್ತಿದ್ದೆವು ಎಂದರು. "ಅದಕ್ಕೇ ಸರ್, ನಿಮ್ಮ ಹಳೇ ಹುಡುಗರಿಗೆ ವ್ಯಾಕರಣ ಅಂದ್ರೆ ಈಗ್ಲೂ ಚಳಿ ಬರೋದು" ಎಂದು ಪಿ.ಟಿ. ಮೇಷ್ಟ್ರು ಚಹಾ ಸುರಿದುಕೊಳ್ಳುತ್ತಾ ಅಂದರು. ಎಲ್ಲರೂ ನಕ್ಕು ಆ ಮಾತು ಅಲ್ಲಿಗೇ ನಿಂತಿತು. ಯಾರಿಗೂ ನಿನ್ನ ಮೇಲೆ ದ್ವೇಷವಿಲ್ಲ. ನಿನ್ನ ಕುರ್ಚಿ ಖಾಲಿ ಇದ್ದದ್ದು ಎಲ್ಲರ ಕಣ್ಣಿಗೂ ಚುಚ್ಚುತ್ತಿತ್ತು, ಅಷ್ಟೇ.

ಆಮೇಲೆ ಎಚ್‌ಎಂ ಶಿಕ್ಷಕರಿಗೆಂದೇ ಒಂದು ಶಿಬಿರ ಇಡಿಸಿದರು. ನಿನ್ನ ಹೆಸರು ಎತ್ತಲಿಲ್ಲ, ಎತ್ತುವ ಅಗತ್ಯವೂ ಇರಲಿಲ್ಲ. ಮನಸ್ಸನ್ನು ಗಮನಿಸುವುದು, ಭಾವನೆಗಳನ್ನು ಗುರುತಿಸುವುದು, ಅದನ್ನು ಮಕ್ಕಳಿಗೆ ಕಲಿಸುವ ಮೊದಲು ನಾವು ಕಲಿಯುವುದು. ಶಿಬಿರದ ಹೆಸರು 'ಸಾವಧಾನ'. ನಡೆಸಿಕೊಡಲು ಬಂದ ಹುಡುಗಿಗೆ ಮೂವತ್ತೂ ಆಗಿರಲಿಕ್ಕಿಲ್ಲ. ಮೆತ್ತಗೆ ಮಾತಾಡುತ್ತಿದ್ದಳು. ಪಿ.ಟಿ. ಮೇಷ್ಟ್ರು ಬ್ಯಾನರ್ ಓದಿ "ಸಾವಧಾನ್ ಗೊತ್ತು ಮೇಡಂ, ದಿನಾ ನಾನೇ ಕೂಗ್ತೀನಿ. ವಿಶ್ರಾಮ್ ಯಾವಾಗ ಹೇಳ್ತೀರಿ?" ಎಂದು ಕೇಳಿದರು. ಪಾಪ, ಅವಳಿಗೆ ಶಾಲೆಯ ಕವಾಯತು ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಕಣ್ಣು ಮುಚ್ಚಿ ಉಸಿರು ಗಮನಿಸಿ, ಗಂಟೆ ಕೇಳಿದಾಗ ನಿಧಾನವಾಗಿ ಕಣ್ಣು ತೆರೆಯಿರಿ ಎಂದಳು. ಅಂಗೈಯಲ್ಲಿ ಹಿಡಿಯುವಂಥ ಹಿತ್ತಾಳೆಯ ಬಟ್ಟಲು, ಅದಕ್ಕೊಂದು ಮರದ ಕಡ್ಡಿ. ನಾವೆಲ್ಲ ಚೆನ್ನಾಗಿಯೇ ಕೂತಿದ್ದೆವು. ಅವಳು ಬಾರಿಸಿದಳು. ಅಷ್ಟೂ ಜನ ಒಟ್ಟಿಗೆ ಎದ್ದು ನಿಂತೆವು. ರಸಾಯನಶಾಸ್ತ್ರದವಳು ಬ್ಯಾಗ್ ಹೆಗಲಿಗೇರಿಸಿಕೊಂಡು ಕಾರಿಡಾರ್ ತಲುಪಿಬಿಟ್ಟಿದ್ದಳು. ವ್ಯಾಕರಣದ ಮೇಷ್ಟ್ರು ಡಸ್ಟರ್ ಹುಡುಕುತ್ತಿದ್ದರು. ಆ ಹುಡುಗಿ ಕಡ್ಡಿ ಹಿಡಿದುಕೊಂಡು ಹಾಗೇ ನಿಂತಳು. ಆಮೇಲೆ ನಗು ತಡೆಯಲಾಗದೆ ನೆಲದ ಮೇಲೆ ಕೂತುಬಿಟ್ಟಳು. ನಾವೂ ನಕ್ಕೆವು. ನೀನಿದ್ದಿದ್ದರೆ ಎಲ್ಲರಿಗಿಂತ ಮೊದಲು ನೀನೇ ಬಾಗಿಲಲ್ಲಿರುತ್ತಿದ್ದೆ.

ಭಾವನೆಯನ್ನು ಒಂದೇ ಪದದಲ್ಲಿ ಬರೆದು ಹೆಸರಿಲ್ಲದೆ ಕೈಯಿಂದ ಕೈಗೆ ದಾಟಿಸಿ ಎಂದಾಗ ಇನ್ನೊಂದು ಆಯಿತು. ನನ್ನ ಕೈಗೆ ಬಂದ ಚೀಟಿಯಲ್ಲಿ ಯಾರೋ 'ಆಯಸ' ಎಂದು ಬರೆದಿದ್ದರು. ಅದಕ್ಕೆ ಕೆಂಪು ಪೆನ್ನಿನಲ್ಲಿ ದೀರ್ಘ ಕೊಟ್ಟು, ಅಡಿಗೆರೆ ಎಳೆದು ತಿದ್ದಲಾಗಿತ್ತು. ತಿದ್ದಿದವರು ಯಾರೆಂದು ಹೇಳಬೇಕಾಗಿಲ್ಲ. ಒಬ್ಬರ ಆಯಾಸ ಓದಿದಾಗಲೂ ನಮಗೆ ಮೊದಲು ಕಂಡದ್ದು ಕಾಗುಣಿತ.

ಕೊನೆಗೆ ಆ ಹುಡುಗಿ, ನೀವೆಲ್ಲ ಹೇಗಿದ್ದೀರಿ ಎಂದು ಕೇಳಿದಳು. ಚೆನ್ನಾಗಿದ್ದೇವೆ ಎಂದು ಮೂರನೇ ಕ್ಲಾಸಿನ ಮಕ್ಕಳ ಹಾಗೆ ರಾಗವಾಗಿ ಹೇಳಿದೆವು. ಅವಳು ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಬಂದಳು. ಆಗ ಪಿ.ಟಿ. ಮೇಷ್ಟ್ರು, ತಮಾಷೆಯ ದನಿಯಲ್ಲೇ ಶುರು ಮಾಡಿ, "ಭಾನುವಾರ ಸಂಜೆ ಆಯ್ತು ಅಂದ್ರೆ ನಾನು ಮನೇಲಿ ಯಾರ ಹತ್ರಾನೂ ಮಾತಾಡಲ್ಲ. ಮಕ್ಕಳು ತಾವಾಗೇ ಟಿವಿ ಸೌಂಡ್ ಕಮ್ಮಿ ಮಾಡ್ತಾರೆ. ನಾನು ಯಾವತ್ತೂ ಮಾಡ್ರಿ ಅಂದಿಲ್ಲ" ಎಂದರು. ಅವರು ತಮ್ಮ ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೂತರು. ಪಕ್ಕದಲ್ಲಿದ್ದ ವ್ಯಾಕರಣದ ಮೇಷ್ಟ್ರು ತಮ್ಮ ಚಹಾದ ಲೋಟವನ್ನು ಅವರ ಕಡೆ ಸರಿಸಿದರು.

ಶಿಬಿರದಿಂದ ಶಾಲೆ ಬದಲಾಯಿತು ಎಂದು ನಾನು ಬರೆಯುವುದಿಲ್ಲ. ಮರುದಿನ ಬೆಳಿಗ್ಗೆ ಬದಲಿ ಪೀರಿಯಡ್ ಚೀಟಿ ಎಂದಿನ ಹಾಗೆ ಬಂತು. ಉಸಿರು ಗಮನಿಸುವುದಕ್ಕೂ ಉಸಿರಾಡಲು ಬಿಡುವು ಬೇಕು.

ಈಗ ಒಂಬತ್ತನೇ ತರಗತಿಯ ವಿಷಯ. ನೀನು ರಜೆ ಹಾಕಿದ ಮೇಲೆ ನಾನು ಪಾಠಕ್ಕೆ ಹೋದಾಗಲೆಲ್ಲ ಅಲ್ಲಿ ಒಂದು ಜಗಳ ನಡೆದಿರುತ್ತಿತ್ತು. ಕಿಟಕಿ ಕಡೆಯವರು ಒಂದು ಗುಂಪು, ಬಾಗಿಲ ಕಡೆಯವರು ಇನ್ನೊಂದು. ನಾನು ರಾಜರ ಜಗಳ ಪಾಠ ಮಾಡಬೇಕು, ಇವರದು ಮುಗಿಯದು. ಒಂದು ದಿನ ಕೇಳಿಯೇಬಿಟ್ಟೆ. "ಮಿಸ್, ತಪ್ಪು ನಾಲ್ಕನೇ ಸಾಲಲ್ಲಿದೆ ಅಂತ ನಾವು. ತಪ್ಪೇ ಇಲ್ಲ ಅಂತ ಅವರು. ಗಣಿತದ ಮಿಸ್ ಬಂದು ಹೇಳ್ತಾರಾ?" ಎಂದರು. ಯಾವ ತಪ್ಪು ಎಂದರೆ, ಆ ದಿನ ನೀನು ಬೋರ್ಡಿನಲ್ಲಿ ಬರೆದ ಲೆಕ್ಕದ್ದು.

ಆಗ ನಿನ್ನ ಅಭ್ಯಾಸ ನನಗೆ ನೆನಪಾಯಿತು. ಹೊಸ ಬಗೆಯ ಲೆಕ್ಕ ಕಲಿಸುವಾಗ ಬೇಕೆಂದೇ ಒಂದು ತಪ್ಪು ಹಾಕಿ ಬರೆದು, ಬೋರ್ಡಿನ ಕಡೆ ತಿರುಗಿ ನಿಂತುಬಿಡುತ್ತೀಯಲ್ಲ. ತಪ್ಪು ಹುಡುಕುವವರೆಗೂ ಈ ಕಡೆ ತಿರುಗಲ್ಲ ಅನ್ನುತ್ತೀಯಲ್ಲ. ಆ ದಿನವೂ ಅದೇ ಆಟ ಎಂದು ಮಕ್ಕಳು ತಿಳಿದರು. ಪೀರಿಯಡ್ ಮುಗಿಯುವವರೆಗೂ ಕೂತು ತಪ್ಪು ಹುಡುಕಿದರು. ನೀನು ಕೇಳಿಸಿಕೊಂಡ ನಗುವಿನ ಬಗ್ಗೆಯೂ ವಿಚಾರಿಸಿದೆ. ಕೊನೆಯ ಬೆಂಚಿನವನೊಬ್ಬ, ತಪ್ಪು ಯಾವುದೆಂದು ತನಗೆ ಗೊತ್ತು, ಈ ದಿನ ತಾನು ಶಾಲೆಗೆ ಬಂದದ್ದೇ ತಪ್ಪು ಅಂದನಂತೆ. ನಕ್ಕದ್ದು ಅದಕ್ಕೆ.

ಲೆಕ್ಕ ನೋಡಿ ಹೇಳಿ ಎಂದು ನನಗೂ ಪುಸ್ತಕ ತೋರಿಸಿದರು. ಬೀಜಗಣಿತ ನನ್ನನ್ನು ಬಿಟ್ಟುಹೋಗಿ ಯಾವ ಕಾಲವಾಯಿತೋ. ಗಂಭೀರವಾಗಿ ನೋಡಿ, ಇತಿಹಾಸ ಇನ್ನೂ ತೀರ್ಪು ಕೊಟ್ಟಿಲ್ಲ ಎಂದು ಹೇಳಿ ತಪ್ಪಿಸಿಕೊಂಡೆ.

ಇಷ್ಟೇ ಆಗಿದ್ದರೆ, ಯಾರೂ ನೋಡಿಲ್ಲ, ಬಾ ಎಂದು ಒಂದು ಸಾಲು ಬರೆದು ಮುಗಿಸುತ್ತಿದ್ದೆ. ಆದರೆ ಆ ಪಾಠ ಮುಗಿಸಿ ಹೊರಬಂದಾಗ ನೀನು 'ಪ್ರಶ್ನೆಪೆಟ್ಟಿಗೆ' ಎಂದು ಕರೆಯುವ ಮೊದಲ ಬೆಂಚಿನ ಹುಡುಗಿ ನನ್ನ ಜೊತೆ ನಕ್ಷೆಗಳ ಕೋಣೆಯವರೆಗೂ ಬಂದಳು. ಬಾಗಿಲ ಹತ್ತಿರ ನಿಂತು, "ಅದರಲ್ಲಿ ತಪ್ಪಿಲ್ಲ ಮಿಸ್. ತಪ್ಪು ಹುಡುಕ್ರಿ ಅಂತ ನಾನೇ ಎಲ್ಲರಿಗೂ ಹೇಳಿದ್ದು" ಅಂದಳು. ಯಾಕೆಂದು ಕೇಳಿದೆ. "ಮಿಸ್ ಚಾಕ್ ಎತ್ತಿ ಹಿಡ್ಕೊಂಡೇ ನಿಂತಿದ್ರು, ಬರೀಲೇ ಇಲ್ಲ. ನಮ್ಮಮ್ಮನೂ ಒಂದೊಂದ್ಸಲ ಅಡುಗೆಮನೇಲಿ ಹಾಗೇ ಗೋಡೆ ಕಡೆ ತಿರುಗಿ ನಿಂತಿರ್ತಾರೆ. ಆಗ ಯಾರೂ ಏನೂ ಕೇಳಬಾರ್ದು. ತಮ್ಮನ್ನ ನಾನು ಬೇರೆ ಆಟಕ್ಕೆ ಕರ್ಕೊಂಡು ಹೋಗ್ತೀನಿ." ಹೊರಡುವಾಗ ತಿರುಗಿ, "ಮಿಸ್‌ಗೆ ಹೇಳ್ಬೇಡಿ" ಅಂದಳು. ನಾನು ಮಾತು ಕೊಡಲಿಲ್ಲ. ನೋಡೋಣ ಅಂದೆ.

ಹಾಗಾಗಿ ನಿನ್ನ ವಾಕ್ಯವನ್ನು ಹೀಗೆ ತಿದ್ದಬೇಕು: ಇಡೀ ಕ್ಲಾಸ್ ನೋಡಿಲ್ಲ. ಒಬ್ಬಳು ನೋಡಿದ್ದಾಳೆ. ನೋಡಿ, ಉಳಿದವರ ಕಣ್ಣನ್ನು ಲೆಕ್ಕದ ಕಡೆ ತಿರುಗಿಸಿದ್ದಾಳೆ.

ಇದನ್ನು ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಆ ಮಗುವಿನ ಋಣಕ್ಕಾಗಿ ನೀನು ವಾಪಸು ಬರಬಾರದು. ಅಷ್ಟು ಚಿಕ್ಕವಳಿಗೆ ಇಷ್ಟು ಚೆನ್ನಾಗಿ ಇನ್ನೊಬ್ಬರ ಬೆನ್ನು ಓದಲು ಬರುತ್ತದೆ ಎನ್ನುವುದು ಸಂತೋಷದ ವಿಷಯವೂ ಅಲ್ಲ. ಶಿಬಿರದಲ್ಲಿ ನಮಗೆ ಚೀಟಿ ಕೊಟ್ಟು ಕಲಿಸಲು ಹೊರಟದ್ದನ್ನು ಅವಳು ಮನೆಯಲ್ಲಿ ಕಲಿತಿದ್ದಾಳೆ, ಏನು ತೆತ್ತು ಕಲಿತಳೋ. ಅವಳ ಅಮ್ಮನನ್ನು ಒಮ್ಮೆ ಶಾಲೆಗೆ ಕರೆದು, ಏನನ್ನೂ ಕೇಳದೆ, ಚಹಾ ಕೊಡಬೇಕೆಂದಿದ್ದೇನೆ. ಅದು ಬೇರೆ ಮಾತು. ನಾನು ಬರೆದದ್ದು, ನೀನು ಯಾವ ದಾರಿ ಹಿಡಿದರೂ ನಡೆದದ್ದನ್ನು ನಡೆದ ಹಾಗೆ ತಿಳಿದು ಹಿಡಿಯಬೇಕು ಎಂದು.

ನನ್ನ ಕೈಯಲ್ಲಿ ಆಗುವಷ್ಟು ಮಾಡಿದ್ದೇನೆ. ಹೊಸ ಪಟ್ಟಿಯಲ್ಲಿ ಪ್ರತಿಯೊಬ್ಬರಿಗೂ ದಿನಕ್ಕೊಂದು ಪೀರಿಯಡ್ ಬಿಡುವಿರಬೇಕು, ಅದನ್ನು ಬದಲಿ ಚೀಟಿ ಮುಟ್ಟಬಾರದು ಎಂದು ಎಚ್‌ಎಂ ಮುಂದೆ ಇಟ್ಟೆ. ಉಪಮುಖ್ಯೋಪಾಧ್ಯಾಯರು ಹೌಹಾರಿದರು, ಆಗ ಖಾಲಿ ಕ್ಲಾಸಿಗೆ ಯಾರು ಹೋಗಬೇಕು, ತಮ್ಮ ತಾತನೇ ಎಂದು ಕೇಳಿದರು. ತಾತ ಬೇಡ, ನೀವು ಹೋಗಿ, ನಿಮ್ಮ ಪಾಠ ಕೇಳಿ ಮಕ್ಕಳಿಗೂ ಬಹಳ ದಿನವಾಯಿತು ಎಂದು ಎಚ್‌ಎಂ ಹೇಳಿದರು. ಒಂದು ಅವಧಿಯ ಮಟ್ಟಿಗೆ ಒಪ್ಪಿದ್ದಾರೆ. ಎಷ್ಟು ದಿನ ನಡೆಯುತ್ತದೋ ಗೊತ್ತಿಲ್ಲ.

ಭಾನುವಾರದೊಳಗೆ ನನಗೆ ಒಂದು ಪದ ಕಳಿಸು, ತರಗತಿ ಅಥವಾ ಲೈಬ್ರರಿ. ಯಾವುದನ್ನು ಕಳಿಸಿದರೂ ನಾನು ಯಾಕೆಂದು ಕೇಳುವುದಿಲ್ಲ. ಲೈಬ್ರರಿಯೆಂದರೆ ಖುಷಿಯಿಂದ ಬರೆಯುತ್ತೇನೆ. ಕವಿತೆ ಪುಸ್ತಕಗಳನ್ನು ಮೇಲಿನ ಕಪಾಟಿನಿಂದ ಕೈಗೆಟುಕುವ ಕಡೆ ಇಳಿಸಿಕೊಡಬೇಕು, ಅಷ್ಟೇ.

ತರಗತಿಯೆಂದರೆ ಒಂದು ವಿಷಯ ಮೊದಲೇ ತಿಳಿದಿರಲಿ. ನೀನು ಕಾಲಿಟ್ಟ ಕೂಡಲೇ ಎರಡೂ ಗುಂಪು ಎದ್ದು ನಿಂತು ತಪ್ಪು ಎಲ್ಲಿತ್ತು ಎಂದು ಕೇಳುತ್ತವೆ. ತಪ್ಪಿರಲಿಲ್ಲ ಎಂದರೆ, ಹಾಗಾದರೆ ಯಾಕೆ ತಿರುಗಿ ನಿಂತಿದ್ದಿರಿ ಎಂದು ಕೇಳುತ್ತವೆ. ಇತ್ತು ಎಂದರೆ ಅದು ಸುಳ್ಳು, ಮತ್ತು ಮೊದಲ ಬೆಂಚಿನಲ್ಲಿ ಒಬ್ಬಳಿಗೆ ಅದು ಸುಳ್ಳೆಂದು ಗೊತ್ತಿರುತ್ತದೆ. ಅವಳು ಆಗ ಏನೂ ಕೇಳುವುದಿಲ್ಲ. ನಿನ್ನನ್ನೇ ನೋಡುತ್ತಾ ಕೂತಿರುತ್ತಾಳೆ. ಅವಳ ಮಾತನ್ನು ನಾನು ನಿನಗೆ ದಾಟಿಸಿದ್ದು ಅವಳಿಗೆ ತಿಳಿಯಬಾರದು. ನಾನಾಗಿದ್ದರೆ ಆ ಹೊತ್ತಿಗೆ ಏನು ಹೇಳುತ್ತಿದ್ದೆನೋ, ಎಷ್ಟು ಯೋಚಿಸಿದರೂ ಹೊಳೆಯುತ್ತಿಲ್ಲ. ನಿನ್ನ ಜಾಗಕ್ಕೆ ಯಾರನ್ನು ತಂದರೂ ಉಳಿದ ಲೆಕ್ಕಗಳನ್ನೆಲ್ಲ ಅವರು ಮಾಡಿಸಿಯಾರು. ಇದೊಂದಕ್ಕೆ ಉತ್ತರ ಅವರ ಹತ್ತಿರ ಇರುವುದಿಲ್ಲ.

ಅನ್ನ ರುಚಿಸಲಿ, ನಿದ್ದೆ ಹತ್ತಲಿ. ಎಲ್ಲಿದ್ದರೂ ನಿನಗೆ ಒಳ್ಳೆಯದಾಗಲಿ ಎಂದು ಹರಸುವ,

ಇತಿಹಾಸದ ಅಕ್ಕ