ಸಕ್ಕರೆ ಡಬ್ಬಿಯ ಚಮಚ

ಮಾರ್ಚ್ 2, ಬೆಳಗ್ಗೆ 6.10

ಸಕ್ಕರೆ 740 ಗ್ರಾಂ. ಬೇಳೆ 1,120. ಅಕ್ಕಿ ಹತ್ತಿರ ಹತ್ತಿರ ಆರು ಕೇಜಿ. ಎಣ್ಣೆ... ಬಾಟಲಿಯ ಮೇಲೆ ಗೆರೆ ಹಾಕಿಕೊಂಡೆ. ಅಡುಗೆಮನೆಯ ದಾಸ್ತಾನು ತೂಗಿ ಮುಗಿಯಿತು. ಅಳತೆಯಿಲ್ಲದೆ ಉಳಿತಾಯವಿಲ್ಲ.

ಕಾರಣ ಬರೆದಿಡುತ್ತೇನೆ. ಕಳೆದ ತಿಂಗಳಿಂದ ಕಾರ್ಖಾನೆ ವಾರಕ್ಕೆ ಮೂರೇ ದಿನ, ಸಂಬಳ ಅರ್ಧ. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇನ್ನೊಂದು. ಜನವರಿಯಲ್ಲಿ ಕಣ್ಣಿನ ಡಾಕ್ಟರು ಹೇಳಿದ್ದು: ಎರಡೂ ಕಣ್ಣಿಗೆ ಪೊರೆ, ಬಲಗಣ್ಣಿಗೆ ಮೇ ತಿಂಗಳೊಳಗೆ ಆಪರೇಷನ್ ಆಗಲೇಬೇಕು. ಇಪ್ಪತ್ತು ಸಾವಿರ. ಹೆಂಡತಿಗೆ ನಾನು ಹೇಳಿದ್ದು: ಕನ್ನಡಕದ ನಂಬರ್ ಬದಲಾಗಿದೆ.

ನನ್ನ ಕೆಲಸ ಅಳತೆಯ ಉಪಕರಣಗಳನ್ನು ಪರೀಕ್ಷಿಸುವುದು. ಕೂದಲೆಳೆಯಷ್ಟು ಸಣ್ಣ ಗೆರೆಗಳನ್ನು ಓದುವುದು. ಯಾರನ್ನು ಉಳಿಸಿಕೊಳ್ಳಬೇಕೆಂಬ ಪಟ್ಟಿ ಜೂನ್‌ನಲ್ಲಿ ಬರುತ್ತದೆ. ಗೆರೆ ಓದಲಾರದವನ ಹೆಸರು ಅದರಲ್ಲಿ ಇರುವುದಿಲ್ಲ. ಇವಳಿಗೆ ತಿಳಿದರೆ ಆ ಕ್ಷಣವೇ ಕೈಬಳೆ ಬಿಚ್ಚಿಟ್ಟಾಳು. ಅದು ಆಗಕೂಡದು. ಆದ್ದರಿಂದ ದಿನಸಿಯ ಖರ್ಚಿನಲ್ಲೇ ಉಳಿಸುವುದೆಂದು ನಿಶ್ಚಯ.

“ಮೂರು ದಿನ ಸುಮ್ನೆ ಕೂತಿರ್ತೀನಿ. ಈ ತಿಂಗಳಿಂದ ಸಾಮಾನು ನಾನೇ ತರ್ತೀನಿ” ಎಂದೆ.

ಸೌಟು ಹಿಡಿದ ಇವಳ ಕೈ ಅಲ್ಲೇ ನಿಂತಿತು. “ನೀವಾ?”

“ಹೂಂ.”

“...ಆಗ್ಲಿ ರೀ. ಇಪ್ಪತ್ತಾರು ವರ್ಷಕ್ಕೆ ನನಗೂ ಒಂದು ರಜೆ.”

ಮಾರ್ಚ್ 4, ಸಂಜೆ

ಮೂರು ಅಂಗಡಿ, ಇಪ್ಪತ್ತೊಂದು ಪದಾರ್ಥ; ಪ್ರತಿಯೊಂದರ ಕೇಜಿವಾರು ದರ ನೋಟ್‌ಬುಕ್ಕಿನಲ್ಲಿ. ಪ್ಯಾಕ್ ದೊಡ್ಡದಾದಷ್ಟೂ ದರ ಕಡಿಮೆ. ಎಣ್ಣೆ ಐದು ಲೀಟರಿನ ಡಬ್ಬಿ. ಸಕ್ಕರೆ ಐದು ಕೇಜಿ. ಈರುಳ್ಳಿ ಸಗಟು ದರದಲ್ಲಿ ಒಂದು ಮೂಟೆ, ಹದಿನೈದು ಕೇಜಿ. ಉಳಿತಾಯ 412. ತೃಪ್ತಿ.

ಇವಳು ಮೂಟೆಗೆ ಒಂದು ಸುತ್ತು ಬಂದಳು. “ಯಾರ ಮದುವೆ ರೀ?”

ಮಗಳು, ಪುಸ್ತಕದಿಂದ ತಲೆಯೆತ್ತದೆ: “ನಂದಂತೂ ಅಲ್ಲ.”

ಮಾರ್ಚ್ 15

ಈರುಳ್ಳಿ ನಾಲ್ಕು ಕೇಜಿ ಕೊಳೆತಿದೆ, ಉಳಿದದ್ದರಲ್ಲೂ ಮೊಳಕೆ. ಎಣ್ಣೆಯ ಮಟ್ಟ ಲೆಕ್ಕಕ್ಕಿಂತ ಬೇಗ ಇಳಿದಿದೆ. ಡಬ್ಬಿ ಸೋರುತ್ತಿರಬಹುದೆಂದು ಒಂದು ದಿನ ಕಾಗದದ ಮೇಲಿಟ್ಟು ಪರೀಕ್ಷಿಸಿದೆ. ಕಾಗದ ಒಣಗಿಯೇ ಇತ್ತು.

“ಸೋರ್ತಿಲ್ಲ ರೀ. ಡಬ್ಬಿ ದೊಡ್ಡದಾದ್ರೆ ಕೈನೂ ದೊಡ್ಡದಾಗುತ್ತೆ. ನನ್ ಕೈನೂ ಸೇರಿಸೇ ಹೇಳ್ತಿದೀನಿ.”

ಅರ್ಧ ಲೀಟರಿನ ಹಳೆಯ ಬಾಟಲಿಗೆ ಎಣ್ಣೆ ಬಗ್ಗಿಸಿಕೊಂಡು ಡಬ್ಬಿಯನ್ನು ಅಟ್ಟಕ್ಕೆ ಏರಿಸಿದಳು. ಕಣ್ಣೆದುರು ಇಲ್ಲದ ಎಣ್ಣೆ ಖರ್ಚಾಗುವುದಿಲ್ಲವಂತೆ. ಯಾವ ಕೈಪಿಡಿಯಲ್ಲೂ ಓದಿರದ ನಿಯಮ. ಬಾಟಲಿಯ ಗೆರೆ ನೋಡಿದರೆ, ನಿಯಮ ಸರಿ.

ಮಾರ್ಚ್ 19

ಇವಳೊಡನೆ ತರಕಾರಿ ಬೀದಿಗೆ. ನೋಡಿ ಕಲಿಯಲು.

“ಏನಕ್ಕಾ, ಯಜಮಾನ್ರು ಚೀಲ ಹೊರೋಕೆ ಬಂದ್ರಾ?” ಎಂದಳು ತರಕಾರಿಯವಳು.

“ಇಲ್ಲಮ್ಮ, ಟ್ರೈನಿಂಗು.”

ಮೊದಲ ಸುತ್ತಿನಲ್ಲಿ ಇವಳು ಏನನ್ನೂ ಕೊಳ್ಳುವುದಿಲ್ಲ. ಖಾಲಿ ಚೀಲದೊಂದಿಗೆ ಬೀದಿಯ ಕೊನೆ ಮುಟ್ಟಿ, ಹಿಂದಿರುಗುವಾಗ ಕೊಳ್ಳುವುದು. ಚೌಕಾಸಿ ಇಲ್ಲ. ಒಂದೇ ಪ್ರಶ್ನೆ: “ಇವತ್ತು ನಿಮ್ಮನೆಗೆ ಏನು ತಗೊಂಡು ಹೋಗ್ತೀಯಮ್ಮ?” ತರಕಾರಿಯವಳು ನಕ್ಕು, ಬುಟ್ಟಿಯ ಹಿಂದೆ ತನಗೆಂದು ಎತ್ತಿಟ್ಟಿದ್ದ ಬದನೆಕಾಯಿ ತೋರಿಸಿದಳು. ನಾವೂ ಅದನ್ನೇ ತಂದೆವು.

ಮಾರುವವಳು ತನ್ನ ಮನೆಗೆ ದುಬಾರಿಯದನ್ನೂ ಒಯ್ಯುವುದಿಲ್ಲ, ಬಾಡಿದ್ದನ್ನೂ ಒಯ್ಯುವುದಿಲ್ಲ. ಒಂದು ಪ್ರಶ್ನೆಯಲ್ಲಿ ಎರಡು ಪರೀಕ್ಷೆ! ನನ್ನ ಇಪ್ಪತ್ತೊಂದು ಸಾಲಿನ ಪಟ್ಟಿ ಜೇಬಿನಲ್ಲೇ ಉಳಿಯಿತು.

ಮಾರ್ಚ್ 28

ಬರೆಯಲು ಸಂಕೋಚ. ಆದರೂ.

ಅರ್ಧ ಬೆಲೆಗೆ ಹಿಟ್ಟು ಸಿಕ್ಕಿತು. ಆರು ಪ್ಯಾಕೆಟ್ ತಂದೆ. ಬಳಸಬೇಕಾದ ಕೊನೆಯ ತಿಂಗಳು 8 ಎಂದು ಓದಿಯೇ ತಂದೆ.

ಇವಳು ಒಂದು ಪ್ಯಾಕೆಟ್ ಎತ್ತಿ ಹಿಡಿದಳು. “ಓದಿ.”

“ಎಂಟು.”

ಹತ್ತಿರ ತಂದಳು. “ಈಗ?”

“...ಎಂಟು.”

“ಮೂರು ರೀ.”

ಅಂದರೆ ಇನ್ನು ಮೂರೇ ದಿನ. “ಡಾಕ್ಟ್ರು ಕಣ್ಣಿಗೆ ಇನ್ನೇನಾದ್ರೂ ಹೇಳಿದ್ರಾ?” ಎಂದು ಕೇಳಿದಳು. ನಂಬರ್ ಬದಲಾಗಿದೆ ಅಂದರು, ಅಷ್ಟೇ ಎಂದೆ. ತುಸು ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಬಾಣಲೆ ತೆಗೆದಳು. ಆರೂ ಪ್ಯಾಕೆಟ್ ಹಿಟ್ಟನ್ನು ಸಣ್ಣ ಉರಿಯಲ್ಲಿ ಹುರಿದು, ಆರಿಸಿ, ಡಬ್ಬಿಗೆ ತುಂಬಿದಳು. ಹುರಿದದ್ದು ಬೇಗ ಕೆಡುವುದಿಲ್ಲ. ಒಂದು ಚಿಟಿಕೆಯೂ ನಷ್ಟವಾಗಲಿಲ್ಲ.

ದಿನಸಿಯ ಚೀಲವನ್ನೂ ಮಿಕ್ಕ ಚಿಲ್ಲರೆಯನ್ನೂ ಇವಳಿಗೇ ಹಿಂದಿರುಗಿಸಿದೆ. ಮಾರ್ಚ್ ತಿಂಗಳ ನಿವ್ವಳ ಉಳಿತಾಯ ಸೊನ್ನೆಗಿಂತ ಕೆಳಗೆ.

ಏಪ್ರಿಲ್ 17

ಇಪ್ಪತ್ತು ದಿನ ಬರೆಯಲಿಲ್ಲ. ಸಾಲಿನ ಮೇಲೆ ಸಾಲು ಬೀಳುತ್ತಿದೆ. ಲ್ಯಾಬಿನಲ್ಲಿ ಪ್ರತಿಯೊಂದನ್ನೂ ಮೂರು ಬಾರಿ ಓದುತ್ತೇನೆ. ಮೊನ್ನೆ ಒಂದು ತಪ್ಪಿತು, ನಾನೇ ಹಿಡಿದೆ. ಮುಂದಿನದನ್ನು ಬೇರೆಯವರು ಹಿಡಿಯುತ್ತಾರೆ.

ನಿನ್ನೆ ಚಹಾ ಮಾಡಿಕೊಳ್ಳುವಾಗ ಸಕ್ಕರೆ ಡಬ್ಬಿಯ ಚಮಚ ಬೇರೆ ಅನ್ನಿಸಿತು. ಕಣ್ಣಿಗಲ್ಲ, ಬೆರಳಿಗೆ. ಹುಡುಕಿದಾಗ ಪಾತ್ರೆಗಳ ಹಿಂದೆ ಹಳೆಯದೂ ಸಿಕ್ಕಿತು. ಎರಡನ್ನೂ ಲ್ಯಾಬಿಗೆ ಒಯ್ದು ನೀರು ತುಂಬಿ ತೂಗಿದೆ. ಹಳೆಯದು 5 ಮಿಲಿ. ಈಗಿನದು 3.4.

ಸಂಜೆ ಮಗಳನ್ನು ಕೇಳಿದೆ.

“ಅಪ್ಪಾ, ನಿಂಗೆ ಈಗ ಗೊತ್ತಾಯ್ತಾ? ಜನವರಿಯಿಂದ ಅದೇ ಇದೆ. ಲೋಟನೂ ಚಿಕ್ಕದು, ಎಣ್ಣೆ ಚಮಚನೂ ಚಿಕ್ಕದು. ಸೋಪು ಕೂಡ ಅರ್ಧ ಕತ್ತರಿಸಿ ಇಡ್ತಾಳೆ ಅಮ್ಮ.”

“ನೀನು ಏನೂ ಕೇಳಲಿಲ್ವಾ?”

“ಕೇಳ್ದೆ. ‘ನಿಮ್ಮಪ್ಪ ಅಳತೆ ಮಾಡೋರು. ಅವರಿಗೇ ಗೊತ್ತಾಗ್ಲಿಲ್ಲ ಅಂದ್ರೆ ಯಾರಿಗೂ ಕಡಿಮೆ ಆಗಿಲ್ಲ ಅಂತ ಲೆಕ್ಕ’ ಅಂದ್ಲು.”

ಇಪ್ಪತ್ತೆಂಟು ವರ್ಷದ ಅನುಭವ. ನನ್ನದೇ ಚಹಾದಲ್ಲಿ ಮೂರರಲ್ಲಿ ಒಂದು ಪಾಲು ಸಕ್ಕರೆ ಇಲ್ಲ, ನನಗೆ ತಿಳಿಯಲಿಲ್ಲ. ಇಷ್ಟು ನಾಜೂಕಾದ ಕೈಯನ್ನು ಯಾವ ಲ್ಯಾಬಿನಲ್ಲೂ ಕಂಡಿಲ್ಲ. ಒಂದು ಮಾತ್ರ ಹೊಂದುತ್ತಿಲ್ಲ. ಸಂಬಳ ಅರ್ಧವಾದದ್ದು ಫೆಬ್ರವರಿಯಲ್ಲಿ. ಜನವರಿಯಿಂದಲೇ ಏಕೆ?

ಏಪ್ರಿಲ್ 20, ಮಧ್ಯಾಹ್ನ

ಕಣ್ಣಿನ ಆಸ್ಪತ್ರೆಗೆ ಹೋದೆ. ಕಂತಿನಲ್ಲಿ ಕಟ್ಟಬಹುದೇ ಎಂದು ಕೇಳಲು.

ಕೌಂಟರಿನವನು ನನ್ನ ಹೆಸರು ಕೇಳಿ ರಿಜಿಸ್ಟರ್ ತೆರೆದ. “ಬಲಗಣ್ಣಿಗೆ ತಾನೇ ಸಾರ್? ಮೇ ಒಂಬತ್ತಕ್ಕೆ ದಿನ ಕೊಟ್ಟಾಗಿದೆ. ಕಂತಲ್ಲೇ ಕಟ್ತಿದಾರಲ್ಲ ನಿಮ್ಮ ಮನೆಯವರು.” ಪುಟ ನನ್ನ ಕಡೆ ತಿರುಗಿಸಿದ. ನನಗೆ ಕಾಣಲಿಲ್ಲ. ಅವನೇ ಓದಿದ. “ಜನವರಿ ಬಂದಿದೆ. ಫೆಬ್ರವರಿ ಬಂದಿದೆ. ಏಪ್ರಿಲ್ ಮೊನ್ನೆ ಬಂತು. ಮಾರ್ಚ್ ಒಂದು ಬಂದಿಲ್ಲ ನೋಡಿ.”

ಮಾರ್ಚ್.

ಹೊರಗಿನ ಬೆಂಚಿನ ಮೇಲೆ ಕುಳಿತೆ. ಡಾಕ್ಟರ ಚೀಟಿ ಜನವರಿಯಲ್ಲಿ ಅಂಗಿಯ ಜೇಬಿನಲ್ಲಿತ್ತು. ಆ ಅಂಗಿ ಒಗೆದವಳು ಇವಳು. ಎಲ್ಲವೂ ಹೊಂದಿತು.

ಅದೇ ದಿನ, ಸಂಜೆ

ಇವಳು ಒಲೆಯ ಮುಂದೆ. ನಾನು ಬಾಗಿಲಲ್ಲಿ.

“ಮಾರ್ಚ್ ಬಾಕಿ ನಾನು ಕಟ್ತೀನಿ.” ನಾಲ್ಕು ತಿಂಗಳ ಕೈಖರ್ಚು ಮುಟ್ಟದೆ ಇಟ್ಟದ್ದು ಅಷ್ಟಕ್ಕೆ ಸಾಕು.

ತಿರುಗಲಿಲ್ಲ. “ಕಟ್ಲೇಬೇಕು. ಈರುಳ್ಳಿ ತಂದೋರು ನೀವು.”

ಆಮೇಲೆ, ಮೆಲ್ಲಗೆ: “ಹಿಟ್ಟಿನ ದಿನವಾದ್ರೂ ಹೇಳ್ತೀರಿ ಅಂದ್ಕೊಂಡೆ.”

ತಟ್ಟೆಗಳನ್ನು ಒರೆಸಿಟ್ಟೆ.

ಮೇ 9, ಬೆಳಗ್ಗೆ 7.00

ಹೊರಟೆವು.

ಮೇ 30, ಬೆಳಗ್ಗೆ

ಬಲಗಣ್ಣಿನಿಂದ ಬರೆಯುತ್ತಿದ್ದೇನೆ. ಸಾಲುಗಳು ನೆಟ್ಟಗಿವೆ. ಲ್ಯಾಬಿನಲ್ಲಿ ಈ ವಾರ ಮೂರು ದಿನವೂ ಮೊದಲ ಓದಿಗೇ ಸರಿ. ಪಟ್ಟಿ ಬರಲಿ.

ಇಂದು ಡಬ್ಬಿಯಲ್ಲಿ ದೊಡ್ಡ ಚಮಚ ಮರಳಿ ಬಂದಿತ್ತು. ಮುಚ್ಚಳ ತೆಗೆದೊಡನೆ ಕಂಡಿತು. ಅದನ್ನು ಪಾತ್ರೆಗಳ ಹಿಂದೆ ಇಟ್ಟು ಚಿಕ್ಕದನ್ನೇ ಹಾಕಿದೆ.

“ಇನ್ಯಾಕೆ ರೀ? ಕಣ್ಣು ಬಂತಲ್ಲ.”

“ಎಡಗಣ್ಣಿದೆ. ವರ್ಷದೊಳಗೆ ಮಾಡಿಸ್ಬೇಕು ಅಂದಿದಾರೆ.”

ಕಣ್ಣಿನ ವಿಷಯ ಮುಚ್ಚಿಡದೆ ಹೇಳಿದ್ದು ಇದೇ ಮೊದಲು. ಚೀಟಿಯಲ್ಲಿ ಅದನ್ನೂ ಓದಿರುತ್ತಾಳೆ, ಸಂಶಯವಿಲ್ಲ. ಆದರೂ ಹೊಸ ಸುದ್ದಿ ಕೇಳಿದವಳಂತೆ ತಲೆಯಾಡಿಸಿದಳು. ಮೊಳೆಯಿಂದ ಎರಡು ಚೀಲ ತೆಗೆದು ಒಂದನ್ನು ನನ್ನ ಹೆಗಲಿಗೆ ಹಾಕಿದಳು.

“ಬೇಗ ಬರೆದು ಬನ್ನಿ. ಇವತ್ತು ತರಕಾರಿಯವಳನ್ನ ನೀವೇ ಕೇಳಬೇಕು.”

ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. ಪಟ್ಟಿ ಬೇಡವಂತೆ. ಈರುಳ್ಳಿ ಮಾತ್ರ ಅರ್ಧ ಕೇಜಿಗಿಂತ ಹೆಚ್ಚು ಮುಟ್ಟಿದರೆ—